ಟ್ರೈಲರ್ ನೆತ್ತಿಯ ಮೇಲೆ ಟೆಂಟು ಕೂರಿಸಿದ ದಿನಗಳು

ನಂಜನಗೂಡಿನ ಹೊರಗೆ, ಮೈಸೂರು ರಸ್ತೆಗೆ ಬೆನ್ನು ಹಾಕಿ ನಿಂತಿರುವ ಒಂದು ತಗಡಿನ ಶೆಡ್ಡಿನಲ್ಲಿ ನಾನು ದುಡಿದು ಮುಗಿಸಿದೆ. ದೇವನೂರಿನಿಂದ ಬೆಳಗಿನ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹಿಂತಿರುಗುವುದು. ಮೊದಲೆಲ್ಲ ನಾವು ಮಾಡುತ್ತಿದ್ದದ್ದು ಟ್ರಾಕ್ಟರ್ ಹಿಂದೆ ಕಟ್ಟುವ ಟ್ರೈಲರ್‌ಗಳನ್ನು. ಕಬ್ಬು, ಇಟ್ಟಿಗೆ, ಭತ್ತದ ಮೂಟೆ ಹೊರುವಂಥವು. ಬೆಸುಗೆ ಎಲ್ಲಾದರೂ ಬಿಟ್ಟುಕೊಂಡರೆ ರೈತ ಬಂದು ಬೈಯುತ್ತಿದ್ದ. ನಾವು ಇನ್ನೊಂದು ಪಟ್ಟಿ ಇಟ್ಟು ಬೆಸೆದು ಕಳಿಸುತ್ತಿದ್ದೆವು. ಆ ಕೆಲಸದಲ್ಲಿ ಸುಸ್ತು ಇತ್ತು, ಕಣ್ಣುರಿ ಇತ್ತು. ಭಯ ಇರಲಿಲ್ಲ.

ಭಯ ಶುರುವಾದದ್ದು ಮೇಲಿನ ಟೆಂಟು ಬಂದ ಮೇಲೆ. ಜೀಪಿನ ಹಿಂದೆ ಕಟ್ಟಿಕೊಂಡು ಕಾಡು ಮೇಡು ಅಲೆಯುವವರಿಗೆಂದು ಪುಟ್ಟ ಟ್ರೈಲರ್ ಮಾಡಿಕೊಡುವ ಕೆಲಸ ನಮ್ಮ ಯಜಮಾನರು ಹಿಡಿದರು. ಆ ಟ್ರೈಲರಿನ ನೆತ್ತಿಯ ಮೇಲೆ ಮಡಚುವ ಟೆಂಟು. ಮೇಲಿನ ಹಾಸನ್ನು ಬಿಡಿಸಿದರೆ ಅರ್ಧ ಭಾಗ ಟ್ರೈಲರ್ ಮೇಲೆ ಕೂರುತ್ತದೆ, ಇನ್ನರ್ಧ ಹೊರಗೆ ಚಾಚಿಕೊಂಡು ಒಂದು ಏಣಿಯ ಮೇಲೆ ನಿಲ್ಲುತ್ತದೆ. ಜನ ಅದರೊಳಗೆ ಹೆಂಡತಿ ಮಕ್ಕಳ ಜೊತೆ ಮಲಗುತ್ತಾರೆ. ಕಬ್ಬು ಕೆಳಗೆ ಬಿದ್ದರೆ ಎತ್ತಿ ತುಂಬಬಹುದು.

ಈಗ ಆ ಶೆಡ್ಡಿಗೆ ಐಟಿಐ ಮುಗಿಸಿದ ಹುಡುಗ ಹುಡುಗಿಯರು ಸೇರುತ್ತಿದ್ದಾರಂತೆ. ಟೆಂಟು ಕೂರಿಸುವುದು ಹೇಗೆಂದು ಅವರಿಗೆ ಫೋನಿನಲ್ಲೇ ವಿಡಿಯೊ ಸಿಗುತ್ತದೆ. ಅಡ್ಡಪಟ್ಟಿ ಎರಡು, ಟೆಂಟಿನ ತಳದ ಉದ್ದ ಸೀಳಿನಲ್ಲಿ ಜಾರಿಸುವ ಬೋಲ್ಟು, ಅದನ್ನು ಕೆಳಗಿನಿಂದ ಹಿಡಿಯುವ ಪಟ್ಟಿ, ಸಡಿಲವಾಗದ ನೈಲಾಕ್ ನಟ್ಟು, ಇಷ್ಟೇ. ವಿಡಿಯೊದಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ.

ನಮ್ಮ ಯಜಮಾನರ ಹೆಸರು ಗುರುಮಲ್ಲಪ್ಪ. ಗಂಟಲು ದೊಡ್ಡದು. ಶೆಡ್ಡಿನ ಈ ತುದಿಯಲ್ಲಿ ನಿಂತು ಬೈದರೆ ಆ ತುದಿಯಲ್ಲಿದ್ದವನ ಕೈಯಿಂದ ಸ್ಪ್ಯಾನರ್ ಬೀಳುತ್ತಿತ್ತು. ಮೊದಲ ಟೆಂಟು ಬಂದ ದಿನ ಅದನ್ನು ಎತ್ತಿ ಕೂರಿಸಲು ನಾನು ಮತ್ತು ಕೆಂಪಣ್ಣ ನಿಂತೆವು. ಕೆಂಪಣ್ಣ ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು, ಮೂಗೂರಿನವನು, ಎಂಥ ಭಾರಕ್ಕೂ ಅಂಜದ ಆಳು. ತೊಲೆಗೆ ಭಾರ ಎತ್ತುವ ಚೈನ್ ಬ್ಲಾಕ್ ಕಟ್ಟಿ, ನೈಲಾನ್ ಬೆಲ್ಟಿನಲ್ಲಿ ಟೆಂಟನ್ನು ತೂಗುಹಾಕಿ ಮೇಲೆಳೆದೆವು. ಬೋಲ್ಟುಗಳು ಅಡ್ಡಪಟ್ಟಿಯ ನೇರಕ್ಕೆ ಬಂದಿವೆಯೇ ಎಂದು ನೋಡಲು ಕೆಂಪಣ್ಣ ಟೆಂಟಿನ ಕೆಳಗೆ ತಲೆ ಹಾಕಿದ.

ಆಗ ಒಂದು ಬೆಲ್ಟು ಅಲ್ಯೂಮಿನಿಯಂ ಅಂಚಿನ ಮೇಲೆ ಜಾರಿತು. ಸದ್ದೇ ಆಗಲಿಲ್ಲ. ಟೆಂಟಿನ ಒಂದು ಕಡೆ ಧಡಕ್ಕನೆ ಕೆಳಗಿಳಿದು ಕೆಂಪಣ್ಣನ ಬೆನ್ನಿನ ಮೇಲೆ ಕೂತು ಅವನನ್ನು ಟ್ರೈಲರಿಗೆ ಒತ್ತಿ ನಿಂತಿತು. ಇನ್ನೊಂದು ಬೆಲ್ಟು ಅಂಚಿನ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಸರಪಳಿ ನನ್ನ ಕೈಯಲ್ಲಿತ್ತು. ಮೇಲೆಳೆದರೆ ಬೆಲ್ಟು ಕಳಚುತ್ತದೋ, ಇಳಿಸಿದರೆ ಅವನು ನಜ್ಜುಗುಜ್ಜಾಗುತ್ತಾನೋ, ನನಗೆ ತಿಳಿಯಲಿಲ್ಲ.

"ರಾಚಾ, ಅಲ್ಲಾಡಬ್ಯಾಡ ಕಣ್ಲಾ," ಅಂದ ಕೆಂಪಣ್ಣ. ಅವನ ದನಿ ಅಷ್ಟು ಸಣ್ಣಗೆ ಬಂದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಅಷ್ಟರಲ್ಲಿ ಗುರುಮಲ್ಲಪ್ಪನವರು ಬಂದರು. ಬೈಯಲಿಲ್ಲ. ಒಂದು ಮರದ ದಿಮ್ಮಿಯನ್ನು ತಾವೇ ಎತ್ತಿ ತಂದು ಟೆಂಟಿಗೂ ಟ್ರೈಲರಿಗೂ ನಡುವೆ ತೂರಿಸಿದರು. ಕೆಂಪಣ್ಣ ಹೊಟ್ಟೆಯ ಮೇಲೆ ತೆವಳಿಕೊಂಡು ಹೊರಬಂದ. ಶೆಡ್ಡಿನ ಗೋಡೆಗೆ ಒರಗಿ ಕುಳಿತು, ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಹಲವು ದಿನ ಕೆಲಸಕ್ಕೆ ಬರಲಿಲ್ಲ. ಬಂದ ಮೇಲೂ ತೂಗುತ್ತಿರುವ ಯಾವುದರ ಕೆಳಗೂ ಅವನು ನಿಲ್ಲಲಿಲ್ಲ. ಅವನನ್ನು ಅಂಜುಬುರುಕ ಅಂದವರಿದ್ದಾರೆ. ಅವರು ಅಂದು ಅಲ್ಲಿರಲಿಲ್ಲ. ಅಂದಿನಿಂದ ನಾವು ನಾಲ್ಕೂ ಮೂಲೆಗೆ ಬೆಲ್ಟು ಹಾಕಿ, ಬೋಲ್ಟನ್ನು ಪಕ್ಕದಿಂದ ಕನ್ನಡಿ ಹಿಡಿದು ನೋಡುವ ಪದ್ಧತಿ ಮಾಡಿಕೊಂಡೆವು.

ಎರಡನೆಯ ಭಯ ರಸ್ತೆಯಲ್ಲಿ ಕಂಡದ್ದು. ಮೊದಲ ಟ್ರೈಲರಿನಲ್ಲಿ ಮುಂದುಗಡೆ ಸಾಮಾನು ಪೆಟ್ಟಿಗೆಯ ಮುಚ್ಚಳ ಇತ್ತು. ಅದು ಪೂರ್ತಿ ತೆರೆಯಬೇಕೆಂದು ಟೆಂಟನ್ನು ಸ್ವಲ್ಪ ಹಿಂದಕ್ಕೆ ಕೂರಿಸಿದ್ದೆವು. ನೋಡಲು ಚೆನ್ನಾಗಿಯೇ ಇತ್ತು. ಓಡಿಸಿ ನೋಡೋಣವೆಂದು ಯಜಮಾನರು ಜೀಪು ಹತ್ತಿದರು, ನಾನು ಪಕ್ಕದಲ್ಲಿ ಕುಳಿತೆ. ತಿ. ನರಸೀಪುರದ ರಸ್ತೆ ಹಿಡಿದೆವು. ಊರು ದಾಟಿ ಗದ್ದೆ ಬಯಲು ಬಂದಾಗ ಅವರು ವೇಗ ಹೆಚ್ಚಿಸಿದರು. ಒಂದು ಇಳಿಜಾರಿನಲ್ಲಿ ಜೀಪಿನ ಹಿಂಭಾಗವನ್ನು ಯಾರೋ ಹಿಡಿದು ಪಕ್ಕಕ್ಕೆ ಎಳೆದ ಹಾಗಾಯಿತು. ಕನ್ನಡಿಯಲ್ಲಿ ನೋಡಿದೆ. ಟ್ರೈಲರ್ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಇನ್ನೂ ದೂರ ಹೋಯಿತು. ಪ್ರತಿ ಸಲವೂ ಜೀಪನ್ನು ತನ್ನ ಜೊತೆ ಎಳೆಯುತ್ತಿತ್ತು. ಎದುರಿಗೆ ಒಂದು ಬಸ್ಸು ಬರುತ್ತಿತ್ತು, ಬಾಗಿಲಲ್ಲಿ ಜನ ನೇತಾಡುತ್ತಿದ್ದರು.

ಬ್ರೇಕು ಒತ್ತಿದರೆ ಟ್ರೈಲರ್ ಜೀಪನ್ನೇ ಮಗುಚುತ್ತದೆ, ಒತ್ತಬೇಡಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗುರುಮಲ್ಲಪ್ಪನವರ ಕಾಲು ಬ್ರೇಕಿನ ಮೇಲೆ ಹೋಗಿ ಅಲ್ಲೇ ಗಾಳಿಯಲ್ಲಿ ನಿಂತಿತು. ಒತ್ತಲಿಲ್ಲ. ಸ್ಟೀರಿಂಗನ್ನು ನೇರವಾಗಿ ಹಿಡಿದು ಕುಳಿತರು, ಅಷ್ಟೇ. ವೇಗ ತಾನಾಗಿ ಇಳಿಯಿತು. ಬಸ್ಸು ನಮ್ಮ ಪಕ್ಕದಲ್ಲಿ ಹಾದು ಹೋದಾಗ ಅದರ ಗಾಳಿ ಮುಖಕ್ಕೆ ಬಡಿಯಿತು. ಟ್ರೈಲರ್ ಒಂದೆರಡು ಸಲ ಸಣ್ಣಗೆ ಬಾಲ ಆಡಿಸಿ ಸುಮ್ಮನಾಯಿತು.

ನಾಲೆಯ ಪಕ್ಕ ಗಾಡಿ ನಿಲ್ಲಿಸಿದರು. ಇಳಿಯಲಿಲ್ಲ. ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

"ರಾಚ," ಅಂದರು.

"ಸಾ."

"ನಮ್ಮನೆಯೋಳ್ಗೆ ಯೋಳಬ್ಯಾಡ ಕಣ್ಲಾ."

"ಇಲ್ಲ ಸಾ."

"ನೀನೂವೆ ನಿನ್ ಎಡ್ತಿಗೆ ಯೋಳಬ್ಯಾಡ. ನಾಳಿಂದ ಕೆಲ್ಸಕ್ಕೆ ಕಳ್ಸಕಿಲ್ಲ ಅವಳು."

ಹಿಂದಿರುಗಿ ಬಂದು, ಭತ್ತದ ಮಂಡಿಯಿಂದ ಮೂಟೆ ತೂಗುವ ಸ್ಕೇಲು ಕೇಳಿ ತಂದೆವು. ಟ್ರೈಲರಿನ ಮೂತಿಯನ್ನು, ಅಂದರೆ ಜೀಪಿಗೆ ಸಿಕ್ಕಿಸುವ ಕಂಬಿಯ ತುದಿಯನ್ನು, ಅದರ ಮೇಲೆ ಇಟ್ಟು ನೋಡಿದರೆ ಭಾರವೇ ಇರಲಿಲ್ಲ. ಒಂದೇ ಕೈಯಲ್ಲಿ ಎತ್ತಬಹುದಿತ್ತು. ಟೆಂಟಿನ ಭಾರವೆಲ್ಲ ಚಕ್ರದ ಹಿಂದಕ್ಕೆ ಹೋಗಿ ಮೂತಿಯನ್ನು ಮೇಲೆತ್ತಿತ್ತು, ಬಾಲ ಬೀಸಿದ್ದು ಅದಕ್ಕೇ. ಟೆಂಟನ್ನು ಬಿಚ್ಚಿ ಮುಂದಕ್ಕೆ ತಂದೆವು, ಮುಚ್ಚಳವನ್ನು ಪಕ್ಕಕ್ಕೆ ತೆರೆಯುವ ಹಾಗೆ ಬದಲಿಸಿದೆವು. ಆಮೇಲೆ ನಮ್ಮ ಶೆಡ್ಡಿನಲ್ಲಿ ಮೂತಿ ತೂಗದೆ ಯಾವ ಟ್ರೈಲರೂ ಹೊರಗೆ ಹೋಗಲಿಲ್ಲ.

ಇದೆಲ್ಲ ಸರಿಮಾಡಿದ ಮೇಲೂ ನನ್ನ ಭಯ ಹೋಗಲಿಲ್ಲ. ಸಂಜೆ ಬಸ್ಸಿನಲ್ಲಿ ಕುಳಿತರೆ ಅಂದು ಬಿಗಿದ ನಟ್ಟುಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತಿದ್ದವು. ಎಡಗಡೆ ಹಿಂದಿನದು ಬಿಗಿದೆನೋ? ಇಷ್ಟು ಬಿಗಿ ಸಾಕೆಂದು ಟಾರ್ಕ್ ರೆಂಚು 'ಟಕ್' ಅಂದದ್ದು ಅದಕ್ಕೋ ಪಕ್ಕದ್ದಕ್ಕೋ? ಎಷ್ಟೋ ಸಲ ದಾರಿಯಲ್ಲೇ ಇಳಿದು ವಾಪಸು ನಡೆದಿದ್ದೇನೆ. ಕಂಡಕ್ಟರಿಗೂ ಅಭ್ಯಾಸವಾಗಿತ್ತು. "ಏನಣ್ಣೋ, ಇವತ್ತೂ ಒಲೆ ಆರಿಸ್ದೆ ಬಂದ್ಬುಟ್ಯಾ?" ಎಂದು ನಗುತ್ತಿದ್ದ. ಬಾಗಿಲು ತೆಗೆಸಿ, ಟೆಂಟಿನ ಕೆಳಗೆ ಕೈ ಹಾಕಿ ನೋಡಿದರೆ ನಟ್ಟು ಬಿಗಿಯಾಗಿಯೇ ಇರುತ್ತಿತ್ತು. ಒಂದು ಸಲವೂ ಸಡಿಲ ಸಿಗಲಿಲ್ಲ. ಅದರಿಂದ ಸಮಾಧಾನ ಆಗಬೇಕಿತ್ತು. ಆಗುತ್ತಿರಲಿಲ್ಲ. ಒಮ್ಮೆ ಹೀಗೆ ಭಯಕ್ಕೆ ಅತಿಯಾಗಿ ಬಿಗಿಯಲು ಹೋಗಿ ಬೋಲ್ಟು ಹಿಡಿದ ಅಲ್ಯೂಮಿನಿಯಂ ಸೀಳಿನ ಅಂಚನ್ನೇ ಕಿತ್ತೆ. ಬಿಗಿದಷ್ಟೂ ಭದ್ರ ಅನ್ನುವುದು ಕಬ್ಬಿಣದ ಕೆಲಸದವರ ನಂಬಿಕೆ, ಅಲ್ಯೂಮಿನಿಯಂಗೆ ಅದು ಸಲ್ಲುವುದಿಲ್ಲ. ಹೊಸಬರು ಇದನ್ನು ನೆನಪಿಡಿ.

ಈಗ ಪ್ರಭಾಕರ ಮೇಷ್ಟ್ರ ವಿಷಯ ಹೇಳಬೇಕು.

ಅವರು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುವ ಮೇಷ್ಟ್ರು. ಹೆಂಡತಿ ಸುಧಮ್ಮ ನರ್ಸು. ಇಬ್ಬರಿಗೂ ಒಬ್ಬಳೇ ಮಗಳು, ಇಂಚರ, ಆಗ ಒಂದನೇ ಕ್ಲಾಸು. ಟ್ರೈಲರ್ ತಯಾರಾಗುವಷ್ಟು ದಿನವೂ ಮೂವರೂ ಭಾನುವಾರ ಭಾನುವಾರ ಶೆಡ್ಡಿಗೆ ಬರುತ್ತಿದ್ದರು. ಟೆಂಟಿನ ಬಣ್ಣ ಮಗುವೇ ಆರಿಸಿದ್ದು. ನನ್ನನ್ನು ತಾತ ಅನ್ನುತ್ತಿತ್ತು. ಕೆಲಸ ಮುಗಿದಾಗ ಮೇಷ್ಟ್ರು, "ಮೊದಲನೇ ಸಲ ಬಿಡಿಸುವಾಗ ನೀವೂ ಇರಬೇಕು ರಾಚಯ್ಯ. ನಮಗೆ ಧೈರ್ಯ," ಅಂದರು. ಯಜಮಾನರೂ ಹೋಗಿ ಬಾ ಅಂದರು. ಮುಡುಕುತೊರೆಯ ಹತ್ತಿರ ಹೊಳೆಯ ಬದಿಗೆ ಸುಧಮ್ಮನ ಅಣ್ಣನ ಜಮೀನಿತ್ತು. ಅಲ್ಲಿಗೆ ಹೋದೆವು.

ಬೇಸಿಗೆಯ ಕೊನೆ. ಮಧ್ಯಾಹ್ನ ಎಲೆ ಅಲುಗುತ್ತಿರಲಿಲ್ಲ. ಹೊಳೆಗೆ ಮುಖ ಮಾಡಿ ಗಾಡಿ ನಿಲ್ಲಿಸಿದೆವು. ನಾಲ್ಕು ಮೂಲೆಯ ಜಾಕ್ ಕಾಲುಗಳನ್ನು ಇಳಿಸಿ, ಕೆಳಗೆ ಹಲಗೆ ಕೊಟ್ಟೆ. ಚಕ್ರಕ್ಕೆ ಕಲ್ಲು ಇಟ್ಟೆ. ಹಾಸು ಬಿಡಿಸಿ ಏಣಿ ಊರಿದೆವು, ಬಟ್ಟೆ ಬಿಗಿಯಾಗಿ ಎದ್ದು ನಿಂತಿತು. ಇಂಚರ ಚಪ್ಪಾಳೆ ತಟ್ಟಿ ಏಣಿ ಹತ್ತಿತು, ಹಿಂದೆಯೇ ಸುಧಮ್ಮ. ಮೇಷ್ಟ್ರು ಚಹಾಕ್ಕೆ ಹಾಲು ತರುತ್ತೇನೆಂದು ಜೀಪನ್ನು ಕಳಚಿಕೊಂಡು ಊರ ಕಡೆ ಹೋದರು. ಜೀಪು ಇಲ್ಲದಿದ್ದರೆ ಇಷ್ಟು ಹಗುರ ಟ್ರೈಲರಿಗೆ ಲಂಗರೇ ಇಲ್ಲ ಅನ್ನುವುದು ಅವತ್ತಿನವರೆಗೆ ನಮ್ಮ ಯಾರ ತಲೆಗೂ ಬಂದಿರಲಿಲ್ಲ.

ನಾನು ಕೆಳಗೆ ಕುಳಿತು ನಟ್ಟುಗಳನ್ನು ಮತ್ತೊಮ್ಮೆ ನೋಡುತ್ತಿದ್ದೆ. ಬೆಳಕು ಮಬ್ಬಾಯಿತು. ತಲೆಯೆತ್ತಿದರೆ ಜಮೀನಿನಾಚೆಯ ತೆಂಗಿನ ಮರಗಳು ಒಂದೇ ಕಡೆಗೆ ಬಾಗುತ್ತಿದ್ದವು. ಅವುಗಳ ಹಿಂದೆ ಕೆಂಪು ಧೂಳಿನ ಗೋಡೆ.

"ಸುಧಮ್ಮಾ, ಮಗೀನ ಇಳಿಸ್ಕೊಂಡು ಬನ್ನಿ! ಬಿರುಗಾಳಿ!" ಎಂದು ಕೂಗಿ ಏಳುವಷ್ಟರಲ್ಲಿ ಗಾಳಿ ಬಂದೇಬಿಟ್ಟಿತು.

ಅದು ಏಣಿಯ ಎದುರು ಬದಿಯಿಂದ ಬೀಸಿತು. ಟೆಂಟಿನ ಹೊಟ್ಟೆ ಉಬ್ಬಿತು. ಆ ಬದಿಯ ಚಕ್ರ ನನ್ನ ಕಣ್ಣೆದುರಿಗೇ ನೆಲ ಬಿಟ್ಟು ಎದ್ದಿತು, ಕೆಳಗಿಟ್ಟ ಕಲ್ಲು ಉರುಳಿ ಹೋಯಿತು. ಏಣಿ ಬದಿಯ ಜಾಕ್ ಕಾಲುಗಳು ಹಲಗೆ ಸಮೇತ ಹೊಳೆಯ ಮರಳು ಮಣ್ಣಿಗೆ ಇಳಿಯುತ್ತಿದ್ದವು. ಟ್ರೈಲರ್ ಏಣಿಯ ಕಡೆಗೆ ಮಗುಚಲು ಹೊರಟಿತ್ತು, ಟೆಂಟಿನೊಳಗೆ ತಾಯಿ ಮಗಳು ಇಬ್ಬರೂ.

ನಾನು ಯೋಚನೆ ಮಾಡಲಿಲ್ಲ. ಗಾಳಿ ಬದಿಗೆ ಓಡಿ ಹೋಗಿ, ಅಡ್ಡಪಟ್ಟಿಯ ತುದಿಗೆ ಎರಡು ಕೈ ಹಾಕಿ ಜೋತುಬಿದ್ದೆ. ಎದ್ದ ಚಕ್ರ ಒಂದಿಷ್ಟು ಇಳಿಯಿತು, ಪೂರ್ತಿ ಇಳಿಯಲಿಲ್ಲ. ನನ್ನ ಕಾಲು ನೆಲಕ್ಕೆ ತಾಗುವುದು, ಬಿಡುವುದು. ಕೈ ಬಿಟ್ಟು ಅವರನ್ನು ಇಳಿಸಲು ಹೋಗುವ ಹಾಗಿಲ್ಲ. ನಾನು ಬಿಟ್ಟರೆ ಅದು ಹೋಗುತ್ತದೆ.

ಒಳಗೆ ಮಗು ಕಿರುಚುತ್ತಿತ್ತು. ಸುಧಮ್ಮ ಏಣಿಯ ಕಡೆಯ ಜಿಪ್ಪು ಎಳೆಯುತ್ತಿದ್ದ ಸದ್ದು ಕೇಳಿಸಿತು. ಇಬ್ಬರ ಭಾರವೂ ಆ ಕಡೆಗೆ! ಹೊರಗೆ ಚಾಚಿದ ಆ ತುದಿಗೆ ಅವರು ಇನ್ನೊಂದು ಹೆಜ್ಜೆ ಇಟ್ಟರೆ ಮುಗಿಯಿತು.

"ಏಣಿ ಕಡಿಕೆ ಓಗ್‌ಬ್ಯಾಡಿ ಅವ್ವಾ! ಇತ್ಲಾಗೆ ಬನ್ನಿ! ನನ್ ಕಡಿಕೆ!"

"ಬೀಳ್ತಿದೆ ರಾಚಯ್ಯ! ಇಳೀಬೇಕು!"

"ಇಳಿದ್ರೆ ಬೀಳ್ತದೆ! ನನ್ ಮಾತು ಕೇಳಿ, ಈ ಕಡಿಕೆ ಬಂದು ಒರಗ್ಕಳಿ!"

ಬಾಗಿಲು ಅಲ್ಲಿದೆ, ಏಣಿ ಅಲ್ಲಿದೆ. ಬಾಗಿಲೇ ಇಲ್ಲದ ಗೋಡೆಯ ಕಡೆಗೆ ಬಾ ಎಂದು ನಾನು ಕೂಗುತ್ತಿದ್ದೇನೆ. ಆ ತಾಯಿ ಯಾಕೆ ನಂಬಬೇಕು? ಒಂದು ಗಳಿಗೆ ಏನೂ ಆಗಲಿಲ್ಲ. ಚಕ್ರ ಮತ್ತೆ ಮೇಲೇಳತೊಡಗಿತು. ನನ್ನ ಬಲಭುಜದಲ್ಲಿ ಏನೋ ಹರಿದ ಹಾಗಾಯಿತು. ಆಮೇಲೆ ನನ್ನ ಮುಖದ ಹತ್ತಿರ ಟೆಂಟಿನ ಬಟ್ಟೆ ಉಬ್ಬಿತು. ಒಳಗಿನಿಂದ ಸುಧಮ್ಮನ ಭುಜ, ಅದರ ಪಕ್ಕದಲ್ಲಿ ಮಗುವಿನ ತಲೆ ಒತ್ತಿದ್ದು ಬಟ್ಟೆಯ ಮೇಲೆ ಮೂಡಿತು. ಅವರು ಬಂದಿದ್ದರು. ಚಕ್ರ ಧೊಪ್ಪೆಂದು ನೆಲಕ್ಕೆ ಬಿತ್ತು, ಮತ್ತೆ ಎದ್ದಿತು, ಮತ್ತೆ ಬಿತ್ತು.

ಹೀಗೆ ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಕಣ್ಣು, ಬಾಯಿ ತುಂಬ ಮರಳು. ಸುಧಮ್ಮ ಒಳಗೆ ಮಗುವಿಗೆ ಏನೋ ಹೇಳುತ್ತಿದ್ದರು, ಬಹಳ ಮೆಲ್ಲಗೆ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮುಂಚೆ ಹೇಳುವ ಹಾಗೆ. ನಾನು ಮನಸ್ಸಿನಲ್ಲಿ ನಮ್ಮ ದೇವರು ನಂಜುಂಡಪ್ಪನನ್ನು ಕರೆಯಲು ನೋಡಿದೆ, ಹೆಸರು ಪೂರ್ತಿ ಬರಲಿಲ್ಲ.

ಜೀಪಿನ ಸದ್ದು ಕೇಳಿದಾಗ ಅದು ಗುಡುಗು ಅಂದುಕೊಂಡೆ. ಮೇಷ್ಟ್ರು ಗದ್ದೆಯ ಬದುವಿನ ಮೇಲೇ ಓಡಿಸಿಕೊಂಡು ಬಂದು ನನ್ನ ಬೆನ್ನ ಹಿಂದೆ ಜೀಪು ನಿಲ್ಲಿಸಿದರು. "ಅಗ್ಗ ಕಟ್ಟಿ ಸಾ, ಅಗ್ಗ! ಈ ಪಟ್ಟಿಗೆ!" ಅಂದೆ. ಅವರು ಹಾಕಿದ ಗಂಟು ಎರಡು ಸಲ ಜಾರಿತು. ಮೂರನೆಯದು ನಿಂತಿತು. ಜೀಪನ್ನು ಒಂದು ಮೊಳ ಎಳೆದರು, ಹಗ್ಗ ಬಿಗಿಯಿತು, ಚಕ್ರ ನೆಲಕ್ಕೆ ಕೂತಿತು. ಆಗಲೂ ನನ್ನ ಬೆರಳುಗಳು ಪಟ್ಟಿಯನ್ನು ಬಿಡಲಿಲ್ಲ. ಅವರೇ ಒಂದೊಂದಾಗಿ ಬಿಡಿಸಿದರು. ಚಾಕುವಿನಿಂದ ಟೆಂಟಿನ ಕಿಟಕಿಯ ಸೊಳ್ಳೆ ಬಲೆ ಹರಿದು, ಮೊದಲು ಮಗುವನ್ನು, ಆಮೇಲೆ ಸುಧಮ್ಮನನ್ನು ಗಾಳಿ ಬದಿಯಿಂದಲೇ ಇಳಿಸಿಕೊಂಡರು. ಅಷ್ಟರಲ್ಲಿ ಮಳೆ ಹನಿಯಿತು. ನಾಲ್ವರೂ ಜೀಪಿನೊಳಗೆ ಕುಳಿತೆವು. ಮೇಷ್ಟ್ರು ಮಗುವಿನ ಕಾಲನ್ನು ಹಿಡಿದುಕೊಂಡೇ ಇದ್ದರು. ಹಾಲಿನ ಪ್ಯಾಕೆಟ್ಟು ಅವರ ಕಾಲಡಿಯಲ್ಲಿ ಒಡೆದು ಹರಿಯುತ್ತಿತ್ತು.

ಮಾರನೆಯ ದಿನ ಟ್ರೈಲರನ್ನು ಶೆಡ್ಡಿಗೆ ತಂದು ನೋಡಿದಾಗ ಒಂದು ನಟ್ಟೂ ಅಲುಗಿರಲಿಲ್ಲ. ನಾನು ಬಸ್ಸಿನಿಂದ ಇಳಿದಿಳಿದು ನೋಡುತ್ತಿದ್ದ ಭಯ ಒಂದು ಕಡೆ ಇತ್ತು, ಅಪಾಯ ಬಂದದ್ದು ಬೇರೆ ಕಡೆಯಿಂದ. ಟೆಂಟು ಟ್ರೈಲರಿಗೆ ಭದ್ರವಾಗಿತ್ತು. ಟ್ರೈಲರ್ ನೆಲಕ್ಕೆ ಭದ್ರವಾಗಿರಲಿಲ್ಲ.

ಗುರುಮಲ್ಲಪ್ಪನವರು ಎಲ್ಲ ಕೇಳಿದರು. "ಈ ಕೆಲ್ಸನೇ ಬ್ಯಾಡ ಬುಡು ರಾಚ. ಕಬ್ಬಿನ ಟ್ರೈಲರ್ರೇ ಸಾಕು ನಮ್ಗೆ," ಅಂದರು. ಕೆಂಪಣ್ಣನೇ ಒಪ್ಪಲಿಲ್ಲ. "ಈಗಾಗ್ಲೆ ಕಳ್ಸಿರೋವು ಇದಾವಲ್ಲಾ ಯಜಮಾನ್ರೇ, ಅವುಗ್ಳ್ ಮೇಲೆ ಮಲಿಕ್ಕಂಡೋರ ಕತೆ ಏನು?" ಅಂದ. ಕಳಿಸಿದ ಟ್ರೈಲರ್‌ಗಳನ್ನೆಲ್ಲ ಯಜಮಾನರು ಫೋನು ಮಾಡಿ ವಾಪಸು ಕರೆಸಿದರು. ಜಾಕ್ ಕಾಲುಗಳು ಹೊರಗೆ ಅಗಲಕ್ಕೆ ಚಾಚುವ ಹಾಗೆ ತೋಳು ಬೆಸೆದೆವು, ಪಾದಕ್ಕೆ ದೊಡ್ಡ ತಟ್ಟೆ ಹಾಕಿದೆವು, ನಾಲ್ಕು ಮೂಲೆಗೆ ಗೂಟದ ಹಗ್ಗ ಕಟ್ಟುವ ಬಳೆ ಕೊಟ್ಟೆವು, ಟೆಂಟನ್ನು ಆದಷ್ಟು ತಗ್ಗಿಗೆ ಇಳಿಸಿದೆವು. ಮೇಲೆ ಜನ ಇರುವಾಗ ಜೀಪು ಕಳಚಬಾರದು ಎಂದು ಮೂತಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದರು. ಇವತ್ತಿಗೂ ಅದೇ ಪದ್ಧತಿ. ಯಾರಾದರೂ ಇದೆಲ್ಲ ಅತಿಯಾಯಿತು ಅಂದರೆ ಅವರ ಮಾತು ಕೇಳಬೇಡಿ.

ನನ್ನ ಭುಜ ಮೊದಲಿನಂತಾಗಲಿಲ್ಲ. ಬಲಗೈ ತಲೆಯ ಮೇಲಕ್ಕೆ ಏಳುವುದಿಲ್ಲ. ನೆತ್ತಿಯ ಮೇಲೆ ಕೆಲಸ ಮಾಡಬೇಕಾದವನಿಗೆ ಅಲ್ಲಿಗೆ ಮುಗಿಯಿತು. ಕೆಲಸ ಬಿಟ್ಟೆ.

ಬಿಟ್ಟ ಮೇಲೆ ಒಂದು ದಿನ ಯಜಮಾನರು ಹೇಳಿ ಕಳಿಸಿದರು. ಹೋದರೆ ಪ್ರಭಾಕರ ಮೇಷ್ಟ್ರು, ಸುಧಮ್ಮ, ಇಂಚರ ಶೆಡ್ಡಿನ ಮುಂದೆ ನಿಂತಿದ್ದರು. ಟ್ರೈಲರ್ ಎಲ್ಲ ಬದಲಾವಣೆಯೊಂದಿಗೆ ತಯಾರಾಗಿ, ಟೆಂಟು ಬಿಡಿಸಿಕೊಂಡು ಅಂಗಳದಲ್ಲಿತ್ತು. ಮಗು ಮಾತ್ರ ಏಣಿಯಿಂದ ದೂರ ನಿಂತಿತ್ತು.

"ಮಾರಿಬಿಡೋಣ ಅಂದೆ," ಅಂದರು ಸುಧಮ್ಮ. "ಬೇಡ, ಮೊದಲು ತಾತ ಮಲಗಲಿ, ನಾನು ನೋಡ್ತೀನಿ ಅಂತಾಳೆ ಇವಳು."

ಎಡಗೈಯಲ್ಲಿ ಏಣಿ ಹಿಡಿದು ಹತ್ತಿದೆ. ಇಷ್ಟು ಟೆಂಟು ಕೂರಿಸಿದ್ದರೂ ಒಂದರಲ್ಲೂ ನಾನು ಮೈ ಚಾಚಿರಲಿಲ್ಲ. ಬೆನ್ನು ಕೆಳಗಿಟ್ಟೆ. ಗಾಳಿ ಇರಲಿಲ್ಲ. ಆದರೂ ಬಟ್ಟೆ ಒಮ್ಮೆ ಸಣ್ಣಗೆ ಅಲುಗಿದ್ದಕ್ಕೆ ನನ್ನ ಕೈ ತಾನಾಗಿ ಅಂಚಿಗೆ ಹೋಯಿತು.

"ತಾತ, ನಾನು ತಳ್ತೀನಿ," ಎಂದು ಕೆಳಗಿನಿಂದ ಇಂಚರ ಕೂಗಿತು. ಪುಟ್ಟ ಕೈಗಳು ಟ್ರೈಲರಿಗೆ ತಾಗಿದವು. ಅದು ಒಂದಿಷ್ಟು ತೂಗಿ ನಿಂತಿತು.

"ಅಲ್ಲಾಡ್ತಾ?"

ಕೆಳಗೆ ಯಜಮಾನರು, ಮೇಷ್ಟ್ರು, ಸುಧಮ್ಮ ಎಲ್ಲರೂ ನಾನು ಇಲ್ಲ ಅನ್ನಲಿ ಎಂದು ಕಾಯುತ್ತಿದ್ದರು.

"ಊಂ ಕಣವ್ವ, ಒಸಿ ಅಲ್ಲಾಡ್ತು."

"ಭಯ ಆಯ್ತಾ?"

"ಆಯ್ತು."

ಆಮೇಲೆ ಏಣಿಯ ಮೇಲೆ ಹೆಜ್ಜೆ ಸದ್ದು. ಇಂಚರ ಒಳಗೆ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಬೆನ್ನ ಮೇಲೆ ಮಲಗಿ, ಎರಡೂ ಕೈ ನೆಟ್ಟಗೆ ಇಟ್ಟುಕೊಂಡಿತು.

"ಅಪ್ಪಾ, ಈಗ ನೀನು ತಳ್ಳು," ಅಂದಿತು.

ಕಿಟಕಿಯಿಂದ ಇಣುಕಿದೆ. ಮೇಷ್ಟ್ರು ಟ್ರೈಲರಿನ ಮೇಲೆ ಕೈ ಇಟ್ಟು ನಿಂತಿದ್ದರು. ತಳ್ಳಲಿಲ್ಲ. ಮಗಳು ಮತ್ತೆ ಕರೆದಳು. ಅವರು ತಲೆ ತಗ್ಗಿಸಿದರು, ಕೈ ಮಾತ್ರ ಅಲ್ಲೇ ಇತ್ತು. ಸುಧಮ್ಮ ಹತ್ತಿರ ಬಂದು ಆ ಕೈಗಳ ಪಕ್ಕದಲ್ಲಿ ತಮ್ಮ ಕೈ ಊರಿ, ಗಂಡನ ಮುಖ ನೋಡಿದರು. ಆಮೇಲೆ ಇಬ್ಬರೂ ಸೇರಿ ತಳ್ಳಿದರು.